ಓಟಗಾರನ ಎದೆಬಡಿತ

ಓಟಗಾರನೊಬ್ಬನು 3 ಕಿಲೋಮೀಟರ್ ದೂರವನ್ನು ಓಡಿ ಮುಗಿಸುತ್ತಾನೆ. ತರಬೇತುದಾರನ ಕೈಯಲ್ಲಿರುವ ಸ್ಟಾಪ್‌ವಾಚ್ ಅದಕ್ಕೆ ತಗುಲಿದ ಕಾಲವನ್ನು ತಿಳಿಸುತ್ತದೆ. ಆದರೆ ಅವನ ದೇಹ ಎಷ್ಟು ಶ್ರಮಪಟ್ಟಿತೆಂಬುದನ್ನು ಅದು ತಿಳಿಸಲಾರದು. ಅದನ್ನು ಬಲ್ಲದ್ದು ಹೃದಯ. ದೇಹವು ಹೆಚ್ಚು ದುಡಿದಂತೆಲ್ಲ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು. ಅದನ್ನು ಹೊತ್ತ ರಕ್ತವನ್ನು ಕಳುಹಿಸಲು ಹೃದಯವು ವೇಗವಾಗಿ ಬಡಿಯಬೇಕು.

ಹಿಂದೆ ಈ ಬಡಿತವನ್ನು ಎಣಿಸಲು ಓಟಗಾರನು ನಿಲ್ಲಬೇಕಾಗಿತ್ತು. ಮಣಿಕಟ್ಟಿನ ಮೇಲೆ ಬೆರಳಿಟ್ಟು, 15 ಸೆಕೆಂಡುಗಳ ಕಾಲ ನಾಡಿಯನ್ನು ಎಣಿಸಿ, 4ರಿಂದ ಗುಣಿಸುವುದು ರೂಢಿ. ಆದರೆ ಓಟ ನಿಂತೊಡನೆಯೇ ಹೃದಯದ ವೇಗ ಇಳಿಯತೊಡಗುತ್ತದೆ. ಹೀಗಾಗಿ ದೊರೆಯುತ್ತಿದ್ದುದು ಓಡುವವನ ನಾಡಿಯಲ್ಲ, ನಿಂತವನ ನಾಡಿ!

1975ರಲ್ಲಿ ಫಿನ್ಲೆಂಡ್ ದೇಶದ ಔಲು ನಗರದ ಬಳಿ, ಹಿಮದ ಮೇಲೆ ಜಾರುವ ಸ್ಕೀ ಕ್ರೀಡೆಯ ತರಬೇತುದಾರನೊಬ್ಬನು ಈ ಕೊರತೆಯನ್ನೇ ತೋಡಿಕೊಂಡನು. ಅದನ್ನು ಕೇಳಿದವರು ಎಲೆಕ್ಟ್ರಾನಿಕ್ಸ್ ವಿದ್ವಾಂಸರಾದ ಸೆಪ್ಪೊ ಸ್ಯಾಯ್ನಯಾಕಂಗಸ್. ಅವರು 1977ರಲ್ಲಿ ಪೋಲಾರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1982ರಲ್ಲಿ ಆ ಸಂಸ್ಥೆಯು ಮೈಮೇಲೆ ಧರಿಸಬಹುದಾದ, ತಂತಿಯಿಲ್ಲದ ಹೃದಯಬಡಿತ ಮಾಪಕವನ್ನು ಹೊರತಂದಿತು. ಹೃದಯದ ಪ್ರತಿಯೊಂದು ಬಡಿತಕ್ಕೂ ಮುನ್ನ ಸೂಕ್ಷ್ಮವಾದ ವಿದ್ಯುತ್ ಸ್ಪಂದನವೊಂದು ಹುಟ್ಟುತ್ತದೆ. ಅದರ ಸುಳಿವು ಚರ್ಮದವರೆಗೂ ಬರುತ್ತದೆ. ಎದೆಗೆ ಕಟ್ಟಿದ ಪಟ್ಟಿಯು ಆ ಸುಳಿವನ್ನು ಹಿಡಿದು ಕೈಗಡಿಯಾರಕ್ಕೆ ನಿಸ್ತಂತುವಾಗಿ ಕಳುಹಿಸುತ್ತದೆ. ಓಡುತ್ತಿರುವಾಗಲೇ ಎದೆಬಡಿತವನ್ನು ಕಾಣುವುದು ಇದರಿಂದ ಸಾಧ್ಯವಾಯಿತು.

ಇಂದಿನ ಅನೇಕ ಕೈಗಡಿಯಾರಗಳು ಬೇರೊಂದು ಮಾರ್ಗವನ್ನು ಹಿಡಿದಿವೆ. ಅವು ಚರ್ಮದ ಮೇಲೆ ಹಸಿರು ಬೆಳಕನ್ನು ಬೀರುತ್ತವೆ. ರಕ್ತವು ಆ ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ರಕ್ತನಾಳಗಳು ತುಂಬಿ, ಮರಳಿ ಬರುವ ಬೆಳಕು ಕುಂದುತ್ತದೆ. ಈ ಏರಿಳಿತವನ್ನೇ ಯಂತ್ರವು ಎಣಿಸುತ್ತದೆ. ಪಟ್ಟಿ ಸಡಿಲವಾಗಿದ್ದರೆ, ಕೈ ಬಹಳ ಅಲುಗಾಡಿದರೆ ಲೆಕ್ಕ ತಪ್ಪುವುದೂ ಉಂಟು.

ಈ ಅಂಕಿಯ ಪ್ರಯೋಜನವೇನು? ಅದೇ ಓಟಗಾರನು ಅದೇ ದೂರವನ್ನು ಅದೇ ಕಾಲದಲ್ಲಿ ಓಡಿದಾಗ, ಮೊದಲ ತಿಂಗಳು 170 ಇದ್ದ ಬಡಿತವು ಮೂರನೆಯ ತಿಂಗಳು 155ಕ್ಕೆ ಇಳಿದರೆ, ಸಾಮಾನ್ಯವಾಗಿ ಅವನ ಹೃದಯ ಬಲಗೊಂಡಿದೆ ಎಂದು ತಿಳಿಯಬಹುದು. ಆದರೆ ಒಬ್ಬನ ಅಂಕಿಯಿಂದ ಮತ್ತೊಬ್ಬನನ್ನು ಅಳೆಯಬಾರದು. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತ ದೊರೆಯುವುದೆಂಬುದು ಸ್ಥೂಲವಾದ ಸರಾಸರಿ ಲೆಕ್ಕ ಮಾತ್ರ. ಸಹಪಾಠಿಯ ಅಂಕಿಯನ್ನು ಮುಟ್ಟುವ ಹಟದಿಂದ ಓಡುವವನು ತನ್ನ ದೇಹಕ್ಕೆ ಅನ್ಯಾಯ ಮಾಡಿಕೊಳ್ಳುತ್ತಾನೆ.

ಯಂತ್ರವು ಬಡಿತವನ್ನು ಎಣಿಸಬಲ್ಲದೇ ಹೊರತು ಅದರ ಕಾರಣವನ್ನು ಅರಿಯದು. ಬಿಸಿಲು, ಜ್ವರ, ಭಯ, ನಿದ್ರಾಹೀನತೆ ಇವೆಲ್ಲವೂ ನಾಡಿಯನ್ನು ಏರಿಸುತ್ತವೆ. ಆದುದರಿಂದ ಬಲ್ಲ ತರಬೇತುದಾರನು ಅಂಕಿಯನ್ನು ನೋಡಿದ ಬಳಿಕ ಹುಡುಗನ ಮುಖವನ್ನೂ ನೋಡುತ್ತಾನೆ; “ರಾತ್ರಿ ನಿದ್ದೆ ಬಂದಿತೇ?” ಎಂದು ಕೇಳುತ್ತಾನೆ. ಆ ಪ್ರಶ್ನೆಯನ್ನು ಕೇಳಬಲ್ಲ ಯಂತ್ರ ಬೆಲೆಯುಳ್ಳದ್ದಾಗಬಹುದು. ಆದರೆ ಉತ್ತರವನ್ನು ಕೇಳಿ ಅಂದಿನ ಓಟವನ್ನು ನಿಲ್ಲಿಸುವ ವಿವೇಕ ಮನುಷ್ಯನದೇ.