ನಿಮಗಿದು ಗೊತ್ತೆ? ಪದಕಕ್ಕೆ ಅಡ್ಡ ಬಂದ ಒದ್ದೆ ಕಾಲುಚೀಲ

ತಮಿಳುನಾಡಿನ ಸೇಲಂ ಜಿಲ್ಲೆಯ ಮಾರಿಯಪ್ಪನ್ ತಂಗವೇಲು ಅವರಿಗೆ ಐದು ವರ್ಷವಿದ್ದಾಗ ಬಸ್ಸು ಹರಿದು ಬಲಗಾಲು ಜಜ್ಜಿಹೋಯಿತು. 2016ರಲ್ಲಿ ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು 1.89 ಮೀಟರ್ ಎತ್ತರ ಜಿಗಿದು ಚಿನ್ನ ಗೆದ್ದರು. ಪಳಗಿದ್ದು ನಮ್ಮ ಬೆಂಗಳೂರಿನಲ್ಲೇ, ಕೋಚ್ ಸತ್ಯನಾರಾಯಣ ಅವರ ಕೈಯಲ್ಲಿ.

ಇದೇ ಸ್ಪರ್ಧೆಯಲ್ಲಿ 2012ರ ಲಂಡನ್ ಕೂಟದ ಬೆಳ್ಳಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರದು (1.74 ಮೀಟರ್). ಆ ಸಲ ಇಡೀ ಭಾರತಕ್ಕೆ ಸಿಕ್ಕಿದ್ದು ಅದೊಂದೇ ಪದಕ!

2021ರಲ್ಲಿ ಟೋಕಿಯೊದಲ್ಲಿ ಮಾರಿಯಪ್ಪನ್‌ಗೆ ಮಳೆ ಕಾಟ ಕೊಟ್ಟಿತು. ಊನಗೊಂಡ ಕಾಲಿನ ಕಾಲುಚೀಲ ನೆನೆದು ಜಿಗಿಯುವುದೇ ಕಷ್ಟವಾಯಿತೆಂದು ಅವರೇ ಹೇಳಿದ್ದರು. ಆದರೂ 1.86 ಮೀಟರ್ ದಾಟಿ ಬೆಳ್ಳಿ ತಂದರು. ಪ್ಯಾರಿಸ್‌ನಲ್ಲಿ (2024) ಕಂಚು. ಸತತ ಮೂರು ಪ್ಯಾರಾಲಿಂಪಿಕ್ಸ್‌ಗಳಲ್ಲಿ ಪದಕ ಗೆದ್ದ ಮೊದಲ ಭಾರತೀಯ ಇವರೇ.