ಮೊನೆಯ ಭಾರ, ಕೋಲಿನ ಬೆನ್ನು

ಬಿದಿರು ಸೀಳಿನ ಬಿಲ್ಲು, ಪುಂಡಿ ನಾರಿನ ಹೆದೆ, ಬಣವೆಯಿಂದ ಕದ್ದೆಳೆದ ಜೋಳದ ಕಣಕಿಯ ಬಾಣ. ಮೋಟೆಬೆನ್ನೂರಿನಲ್ಲಿ ನಮ್ಮ ಬಾಲ್ಯದ ಆಯುಧಾಗಾರ ಇಷ್ಟೇ. ಕಣಕಿಯ ತುದಿಯ ಬೆಂಡಿಗೆ ಜಾಲಿಮುಳ್ಳು ಚುಚ್ಚಿದರೆ ಬಾಣ ನೆಟ್ಟಗೆ ಹೋಗಿ ಹುಣಸೆಮರಕ್ಕೆ ತಾಗುತ್ತಿತ್ತು. ಮುಳ್ಳಿನಿಂದ ತೃಪ್ತಿಯಾಗದೆ ಒಂದು ದಿನ ಕುಲುಮೆಯಿಂದ ಎರಡು ಲಾಳದ ಮೊಳೆ ಎತ್ತಿಕೊಂಡು ಬಂದು ತುದಿಗೆ ಬಿಗಿದೆ. ಹೆದೆ ಬಿಟ್ಟದ್ದೇ ತಡ, ಬಾಣ ಹಾವಿನಂತೆ ಹೊರಳಾಡಿ, ಪಕ್ಕದವರ ಅಂಗಳದಲ್ಲಿ ಒಣಗಲು ಹರವಿದ್ದ ಬ್ಯಾಡಗಿ ಮೆಣಸಿನಕಾಯಿಯ ನಡುವೆ ಅಡ್ಡಡ್ಡ ಬಿತ್ತು. ಬೈಗುಳ ತಿಂದು ಮೊಳೆ ವಾಪಸು ಕೊಡಲು ಹೋದಾಗ ಕಂಬಾರ ಅಜ್ಜ ಕುಡ ಹಣಿಯುತ್ತಿದ್ದ. ಬಾಣವನ್ನು ಕೈಯಲ್ಲಿ ತೂಗಿ, ಎರಡೂ ತುದಿ ಹಿಡಿದು ಬಗ್ಗಿಸಿ ನೋಡಿ, “ಮೊನಿ ಭಾರ ಆತು ತಮ್ಮಾ, ಕೋಲು ಮಿದು ಐತಿ. ಒಂದು ಚೋಟು ಮುರದು ಒಗಿ” ಎಂದ. ಮುರಿದೆ. ಬಾಣ ದೂರ ಹೋಗಲಿಲ್ಲ, ಆದರೆ ಹೊರಳಲೂ ಇಲ್ಲ.

ಅಜ್ಜ ಬಾಯಿಮಾತಲ್ಲಿ ಹೇಳಿದ್ದನ್ನು ಇವತ್ತು ಬಿಲ್ಲುಗಾರಿಕೆಯ ಅಂಗಡಿಗಳು ಸಂಖ್ಯೆಯಾಗಿ ಅಚ್ಚು ಹಾಕಿ ಮಾರುತ್ತವೆ. ಕಾರ್ಬನ್ ಬಾಣದ ಮೈಮೇಲೆ 340, 400, 500 ಎಂದು ಬರೆದಿರುತ್ತದೆ. ಅದು ಬಾಣದ ‘ಸ್ಪೈನ್’. ಬೆನ್ನು ಎಂದೇ ಅರ್ಥ; ಬೆನ್ನೂರಿನವನಿಗೆ ಈ ಪದ ಕಿವಿಗೆ ಹಿತವಾಗಿದೆ ಎನ್ನಿ. ಅಳೆಯುವ ಬಗೆ ಸರಳ. 28 ಇಂಚು ದೂರದಲ್ಲಿಟ್ಟ ಎರಡು ಆಸರೆಗಳ ಮೇಲೆ ಕೋಲನ್ನು ಅಡ್ಡ ಮಲಗಿಸಿ, ನಟ್ಟನಡುವೆ 880 ಗ್ರಾಂ ತೂಕ ತೂಗಿಬಿಡುತ್ತಾರೆ. ಕೋಲು ಅರ್ಧ ಇಂಚು ಜಗ್ಗಿದರೆ ಅದು 500. ಇಂಚಿನ ಹತ್ತರಲ್ಲಿ ನಾಲ್ಕು ಭಾಗ ಜಗ್ಗಿದರೆ 400. ಸಂಖ್ಯೆ ಇಳಿದಷ್ಟೂ ಕೋಲು ಬಿರುಸು. ಹೊಸಬರು ಎಡವುವುದು ಮೊದಲು ಇಲ್ಲೇ.

ಎರಡನೆಯ ಸಲ ಎಡವುವುದು ಮೊನೆಯ ಹತ್ತಿರ. ಬಾಣದ ಮೊನೆಯನ್ನು ಜಗತ್ತಿನಾದ್ಯಂತ ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಗ್ರೇನ್ ಎಂದರೆ ಕಾಳು. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಸುಮಾರು ಎರಡು ಗ್ರೇನಿಗೆ ಸಮ. ಸಾಮಾನ್ಯವಾಗಿ ಸಿಗುವ 100 ಗ್ರೇನಿನ ಮೊನೆ ಆರೂವರೆ ಗ್ರಾಂ ತೂಗಿದರೆ, 125ರದ್ದು ಎಂಟು ಗ್ರಾಂ ದಾಟುತ್ತದೆ. ವ್ಯತ್ಯಾಸ ಹದಿಮೂರು ಗುಲಗಂಜಿ. ಇಷ್ಟಕ್ಕೆ ಬಾಣ ದಾರಿ ತಪ್ಪುತ್ತದೆಯೇ? ತಪ್ಪುತ್ತದೆ.

ಹೆದೆ ಬಿಟ್ಟ ಕ್ಷಣ ಬಾಣದ ಹಿಂದಿನ ತುದಿಗೆ ಒಮ್ಮೆಲೇ ದೂಡು ಬೀಳುತ್ತದೆ. ಮುಂದಿನ ಮೊನೆ ಮೊಂಡೆತ್ತಿನಂತೆ ನಿಂತಲ್ಲಿಂದ ಕದಲುವುದಿಲ್ಲ. ಹಿಂದಿನಿಂದ ಒತ್ತು, ಮುಂದಿನಿಂದ ತಡೆ. ನಡುವೆ ಸಿಕ್ಕ ಕೋಲು ಬಾಗಲೇಬೇಕು. ಅದು ಒಮ್ಮೆ ಅತ್ತ, ಒಮ್ಮೆ ಇತ್ತ ಬಾಗುತ್ತ, ಮೀನು ಕಲ್ಲನ್ನು ಬಳಸಿ ಹೋಗುವ ಹಾಗೆ ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಮುಂದೆ ಸಾಗಿ ಆಮೇಲೆ ನೆಟ್ಟಗಾಗುತ್ತದೆ. ಮೊನೆ ಭಾರವಾದಷ್ಟೂ ಬಾಗು ಹೆಚ್ಚು. ಅಂದರೆ ಅಂಗಡಿಯಲ್ಲಿ 500 ಎಂದು ಅಳೆದ ಕೋಲು ಭಾರದ ಮೊನೆ ಹೊತ್ತಾಗ ಅದಕ್ಕಿಂತ ಮೆತ್ತನೆಯ ಕೋಲಿನಂತೆ ನಡೆದುಕೊಳ್ಳುತ್ತದೆ. ಕೋಲಿನ ಮಟ್ಟಿಗೆ ದಾರಿ ಎರಡೇ: ಬಿರುಸು ಕೋಲು ತರಬೇಕು, ಇಲ್ಲವೇ ಇದ್ದದ್ದನ್ನು ಗಿಡ್ಡ ಮಾಡಬೇಕು. ಅಜ್ಜ ಹೇಳಿದ್ದು ಎರಡನೆಯದು.

ಬೇಟೆಯ ಅಲಗಿನ ಮೊನೆಯಲ್ಲಿ ಪೇಚು ಇನ್ನೂ ದೊಡ್ಡದು. ಅಭ್ಯಾಸದ ಮೊನೆ ಗುಂಡಗಿರುತ್ತದೆ, ಸಣ್ಣ ತಪ್ಪನ್ನು ಹಿಂದಿನ ಗರಿಗಳು ತಿದ್ದುತ್ತವೆ. ಅಗಲ ಅಲಗಿಗೆ ಗಾಳಿ ಸಿಕ್ಕರೆ ಅದೇ ಒಂದು ರೆಕ್ಕೆಯಾಗುತ್ತದೆ. ಕೋಲು ಇನ್ನೂ ತೊನೆಯುತ್ತಿರುವಾಗಲೇ ಮುಂದಿನ ರೆಕ್ಕೆ ಒಂದು ಕಡೆ ಎಳೆದರೆ ಹಿಂದಿನ ಗರಿ ಇನ್ನೊಂದು ಕಡೆ ಎಳೆಯುತ್ತದೆ. ಹಾಗಾಗಿ ತೂಕ ಒಂದೇ ಇದ್ದರೂ ಗುಂಡು ಮೊನೆ ಬಿದ್ದಲ್ಲೇ ಅಲಗಿನ ಮೊನೆ ಬೀಳುವ ಖಾತ್ರಿಯಿಲ್ಲ.

ಈ ಜಂಜಾಟ ಶುರುವಾದದ್ದು ಯಾವಾಗ? ನನ್ನ ಊಹೆ ಕೇಳಿದರೆ, ಕಬ್ಬಿಣ ಬಂದಾಗ. ಕಬ್ಬಿಣ ಬಂದದ್ದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಸಿಕ್ಕಿದೆ. ಹಿರೇಕೆರೂರು ಸೀಮೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಹಳ್ಳೂರನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದರು. ಕೆಳಗಿನ ಪದರಗಳಲ್ಲಿ ಕಲ್ಲಿನ ಸಲಕರಣೆ. ಮೇಲೆ ಬಂದಂತೆ ಕಪ್ಪು-ಕೆಂಪು ಮಡಕೆಯ ಜೊತೆ ಕಬ್ಬಿಣದ ಬಾಣದ ಮೊನೆ, ಬಾಕು, ಚೂರಿ. ಕಾಲ ಕ್ರಿ.ಪೂ. 1000ದ ಆಸುಪಾಸು ಎಂದು ಗೊತ್ತಾದಾಗ, ದಕ್ಷಿಣ ಭಾರತದ ಕಬ್ಬಿಣದ ಚರಿತ್ರೆಯನ್ನು ಹಿಂದಕ್ಕೆ ತಳ್ಳಿದ ಊರು ಎಂದು ಹಳ್ಳೂರು ಹೆಸರಾಯಿತು. ತಮಿಳುನಾಡಿನ ಹೊಸ ಉತ್ಖನನಗಳು ಅದಕ್ಕೂ ಹಿಂದಿನ ಕಾಲ ಹೇಳುತ್ತಿವೆ, ಇರಲಿ. ಕಲ್ಲಿನ ಚಕ್ಕೆ ಸಿಕ್ಕಿಸುತ್ತಿದ್ದ ಕೋಲಿಗೆ ಕಬ್ಬಿಣ ಸಿಕ್ಕಿಸಿದ ಮೊದಲ ಬೇಟೆಗಾರನ ಬಾಣವೂ ನನ್ನ ಕಣಕಿಯಂತೆಯೇ ಹೊರಳಿದ್ದೀತು. ಕೋಲು ಮಣ್ಣಾಗಿದೆ, ಮೊನೆ ಉಳಿದಿದೆ.

ಕೋಲಿನ ಮಾತು ಉಳಿದದ್ದು ಪುಸ್ತಕದಲ್ಲಿ. 1363ರಲ್ಲಿ ಸಂಕಲನಗೊಂಡ ‘ಶಾರ್ಙ್ಗಧರ ಪದ್ಧತಿ’ಯ ಧನುರ್ವೇದ ಭಾಗ ಬಾಣದ ಜೊಂಡನ್ನು ಆರಿಸುವ ಬಗೆ ಹೇಳುತ್ತದೆ: ತೀರಾ ದಪ್ಪ ಬೇಡ, ತೀರಾ ತೆಳುವೂ ಬೇಡ, ಎಳೆಯದಾಗಿರಬಾರದು, ಕೆಟ್ಟ ನೆಲದಲ್ಲಿ ಬೆಳೆದಿರಬಾರದು, ಚೆನ್ನಾಗಿ ಬಲಿತು ಬಿಳಿಚಿರಬೇಕು. ಮುಂದುವರಿದು ಬಾಣಗಳಲ್ಲಿ ಮೂರು ಜಾತಿ ಮಾಡುತ್ತದೆ. ಮುಂದೆ ದಪ್ಪಗಿದ್ದರೆ ಹೆಣ್ಣು ಬಾಣ, ಅದು ದೂರ ಹೋಗುತ್ತದೆ; ಹಿಂದೆ ದಪ್ಪಗಿದ್ದರೆ ಗಂಡು, ಗಟ್ಟಿ ವಸ್ತುವನ್ನು ಸೀಳುತ್ತದೆ; ಉದ್ದಕ್ಕೂ ಸಮನಾಗಿದ್ದರೆ ನಪುಂಸಕ, ಅದು ಗುರಿ ಅಭ್ಯಾಸಕ್ಕೆ. ಹೆಸರು ಈ ಕಾಲದ ಕಿವಿಗೆ ವಿಚಿತ್ರ. ಆದರೆ ಬಾಣವೆಂದರೆ ಬರಿಯ ಮೊನೆಯಲ್ಲ, ಕೋಲಿನ ದಪ್ಪ ಎಲ್ಲಿದೆ ಎಂಬುದರ ಮೇಲೆ ಅದರ ಕೆಲಸ ನಿಂತಿದೆ ಎಂಬ ತಿಳಿವಳಿಕೆ ಸ್ಪಷ್ಟವಾಗಿದೆ. ಅದೇ ಗ್ರಂಥ ಮೊನೆಗಳನ್ನೂ ಹೆಸರಿಸುತ್ತದೆ: ಕ್ಷುರಪ್ರ, ಅರ್ಧಚಂದ್ರ, ಸೂಚೀಮುಖ, ಭಲ್ಲ, ವತ್ಸದಂತ, ಕಾಕತುಂಡ. ಇಡಿಯಾಗಿ ಕಬ್ಬಿಣದ್ದೇ ಆದ ನಾರಾಚಕ್ಕೆ ಐದು ಅಗಲ ಗರಿ ಕಟ್ಟಬೇಕು, ಅದು ಎಲ್ಲೋ ಕೆಲವರಿಗೆ ಮಾತ್ರ ಒಲಿಯುತ್ತದೆ ಎಂಬ ಎಚ್ಚರಿಕೆಯೂ ಇದೆ. ಭಾರ ಹೆಚ್ಚಿಸಿದರೆ ಉಳಿದದ್ದನ್ನೂ ಬದಲಿಸಬೇಕು ಎಂದು ಯಾರೋ ಕೈ ಸುಟ್ಟುಕೊಂಡೇ ಕಲಿತಿರಬೇಕು.

ಆಮೇಲೆ ನಮ್ಮಲ್ಲಿ ಬಂದೂಕು ಬಂತು, ಬಿಲ್ಲು ಮೂಲೆ ಸೇರಿತು. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ತಿರುಗಿಬಿದ್ದ ಹೊತ್ತಿಗೆ ಆ ಆಯುಧಗಳ ಸಾಲಿನಲ್ಲಿ ಕೋವಿಯೂ ಇತ್ತು. ನಮ್ಮ ಸೀಮೆಯಲ್ಲಿ ಸಾವಿರಾರು ಜನ ಉಸಿರು ಬಿಗಿಹಿಡಿದು ನೋಡುವ ಬಿಲ್ಲು ಈಗ ಬೇರೆ ಬಗೆಯದು: ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಯ ಹೊತ್ತಿಗೆ ಗೊರವಪ್ಪ ಏರುವ ಬಿಲ್ಲು. “ಸದ್ದಲೇ” ಎಂದು ಕೂಗಿ ಒಂದು ಸಾಲಿನ ಕಾರಣಿಕ ನುಡಿದು ಕೆಳಗೆ ಬೀಳುತ್ತಾನೆ. ಆ ಬಿಲ್ಲಿಗೆ ಬಾಣವಿಲ್ಲ.

ಬಾಣದ ಲೆಕ್ಕ ಮುಂದುವರಿದದ್ದು ಅಮೆರಿಕದಲ್ಲಿ. 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಒಬ್ಬನೇ ಹೊರಬಂದ ಯಾಹಿ ಬುಡಕಟ್ಟಿನ ಇಶಿ, ತನ್ನ ಬಿಲ್ವಿದ್ಯೆಯನ್ನು ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್‌ಗೆ ಕಲಿಸಿದ. ಪೋಪ್ 1923ರಲ್ಲಿ ಬರೆದ ಪುಸ್ತಕದಿಂದ ಬಿಲ್ಲುಬೇಟೆಯ ಗೀಳು ಹಬ್ಬಿತು. 1930ರ ದಶಕದಲ್ಲಿ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾ ಇಟ್ಟು, ಬಾಣ ಬಿಲ್ಲನ್ನು ಬಳಸಿ ಬಾಗುವುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ. ಆದರೂ ಮರದ ಕೋಲುಗಳು ಒಂದರಂತೆ ಇನ್ನೊಂದಿಲ್ಲ; ಅಳೆದು ಅಳೆದು ಜೋಡಿ ಹುಡುಕಬೇಕು. ಜೇಮ್ಸ್ ಈಸ್ಟನ್ ಅಲ್ಯೂಮಿನಿಯಂ ಕೊಳವೆಯ ಬಾಣ ತಂದ ಮೇಲೆ ಡಜನ್‌ಗಟ್ಟಲೆ ಬಾಣಗಳಿಗೆ ಒಂದೇ ಬಿರುಸು ಸಾಧ್ಯವಾಯಿತು. ಸ್ಪೈನ್ ಪಟ್ಟಿಗೆ ಅರ್ಥ ಬಂದದ್ದು ಆಗಲೇ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ ಪರೀಕ್ಷೆ ಶುರುಮಾಡಿದ ಎಡ್ ಆಶ್ಬಿ ಎಂಬಾತ, ಮುಂಭಾರದ ಬಾಣ ಹೆಚ್ಚು ಆಳಕ್ಕಿಳಿಯುತ್ತದೆ ಎಂದು ಮುಂದಿನ ಪರೀಕ್ಷೆಗಳ ನಂತರ ಹೇಳಿದ. ಅಲ್ಲಿಂದ 200, 250, 300 ಗ್ರೇನಿನ ಅಲಗುಗಳಿಗೆ ಬೇಡಿಕೆ ಏರಿತು. ಹಳೆಯ ಕೋಲಿಗೇ ಹೊಸ ಭಾರ ತಿರುಪಿ, ಬಾಣ ಯಾಕೆ ಹೊರಳುತ್ತಿದೆ ಎಂದು ತಲೆ ಕೆರೆದುಕೊಂಡವರು ಬಹಳ. ಅವರಿಗೆ ಕಂಬಾರ ಅಜ್ಜನ ವಿಳಾಸ ಗೊತ್ತಿರಲಿಲ್ಲ.

ನಮ್ಮಲ್ಲಿ ಈ ವಿದ್ಯೆಗೆ ಇರುವ ಜಾಗ ಗುರಿಹಲಗೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಕೈಯಲ್ಲಿ ಕೋವಿಯೋ ಬಿಲ್ಲೋ ಎಂದು ಅದು ಕೇಳುವುದಿಲ್ಲ. ಮೋಟೆಬೆನ್ನೂರಿಗೆ ನೆರೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರದ್ದು, ಹರವು 119 ಚದರ ಕಿಲೋಮೀಟರ್. ಒಂದು ಕೃಷ್ಣಮೃಗ ಕೊಂದರೆ 3ರಿಂದ 7 ವರ್ಷ ಜೈಲು.

ಬೇಟೆಯ ಬಾಣವನ್ನು ನೋಡುವ ಆಸೆಯಿದ್ದರೆ ವೀರಗಲ್ಲುಗಳ ಬಳಿ ಹೋಗಿ. ಊರಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ ನಿಂತಿರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಹೆದೆ ಎಳೆದು ನಿಂತವನ ಬಾಣದ ತುದಿಯನ್ನು ಓರೆ ಬಿಸಿಲಿನಲ್ಲಿ, ಬೆಳಿಗ್ಗೆಯೋ ಸಂಜೆಯೋ, ಹತ್ತಿರದಿಂದ ನೋಡಿ; ಅಲಗೋ ಸೂಜಿಮೊನೆಯೋ ತಿಳಿಯುವಂತೆ ಕೆತ್ತಿದ ಶಿಲ್ಪಿಗಳಿದ್ದಾರೆ. ಒಂದು ಬೇಡಿಕೆ: ಜಾತ್ರೆ ಬಂತೆಂದು ಅವಕ್ಕೆ ಸುಣ್ಣ, ಆಯಿಲ್ ಪೇಂಟ್ ಬಳಿಯಬೇಡಿ. ಬಣ್ಣ ತುಂಬಿದರೆ ಮೊದಲು ಮುಚ್ಚಿಹೋಗುವುದೇ ಆ ಬೆರಳಗಲದ ಮೊನೆ.