ಖರಾಡಿಯ ರೂಮು, ಗಾಳಿಯ ಲೆಕ್ಕ

ನನ್ನದು ಏಸಿ ಕೆಲಸ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇದೆ. ಆಫೀಸು, ಆಸ್ಪತ್ರೆ, ಕಲ್ಯಾಣ ಮಂಟಪಗಳಿಗೆ ಡಕ್ಟಿಂಗ್ ಮಾಡಿಕೊಡುತ್ತೇನೆ. ಹೊಸ ಜಾಗಕ್ಕೆ ಹೋದಾಗ ಉಳಿದವರು ಹಾಸಿಗೆ ಮೆತ್ತಗಿದೆಯೇ ಎಂದು ನೋಡಿದರೆ ನಾನು ಚಾವಣಿ ನೋಡುತ್ತೇನೆ. ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಕೊರೊನಾ ಕಾಲದಲ್ಲಿ ಈ ಚಟ ಉಪಯೋಗಕ್ಕೆ ಬಂತು.

2021ರ ಫೆಬ್ರುವರಿ ಕೊನೆಯ ವಾರ ಪುಣೆಯ ಖರಾಡಿಗೆ ಹೋಗಬೇಕಾಯಿತು. ಅಲ್ಲಿನ ಐಟಿ ಪಾರ್ಕೊಂದರಲ್ಲಿ ಹೆಚ್ಚುಕಡಿಮೆ ವರ್ಷದಿಂದ ಬಾಗಿಲು ಹಾಕಿದ್ದ ಆಫೀಸನ್ನು ಮತ್ತೆ ತೆರೆಯುವ ತಯಾರಿ ನಡೆದಿತ್ತು, ಏಸಿ ಚಾಲೂ ಮಾಡಿ ಗಾಳಿಯ ಅಳತೆ ಸರಿಪಡಿಸಿಕೊಡಬೇಕಿತ್ತು. ಹೊತ್ತು ಮಾತ್ರ ಸರಿಯಿರಲಿಲ್ಲ. ಅಮರಾವತಿಯಲ್ಲಿ ಆಗಲೇ ಲಾಕ್‌ಡೌನ್ ಮರಳಿತ್ತು. ಫೆಬ್ರುವರಿ 22ರಿಂದ ಪುಣೆಯಲ್ಲಿ ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ಸುಮ್ಮನೆ ಹೊರಗೆ ಓಡಾಡುವಂತಿರಲಿಲ್ಲ. ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಬರುವವರ ಕೈಯಲ್ಲಿ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ಇರಬೇಕು ಎಂದು ನಮ್ಮ ಸರ್ಕಾರ ಆದೇಶ ಮಾಡಿತ್ತು. ಅಂದರೆ ಖರಾಡಿಯಲ್ಲಿ ಸೋಂಕು ತಗುಲಿದರೆ ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟ್ ದಾಟಿ ಮನೆ ಸೇರುವ ಮಾತೇ ಇಲ್ಲ. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ. ಖರಾಡಿಯಿಂದ ಮುಳಾ-ಮುಠಾ ಹೊಳೆ ದಾಟಿದರೆ ಮಾಂಜರಿ, ಕೋವಿಶೀಲ್ಡ್ ತಯಾರಿಸುತ್ತಿದ್ದ ಸೀರಮ್ ಇನ್‌ಸ್ಟಿಟ್ಯೂಟಿನ ಊರು. ಲಸಿಕೆ ಅಷ್ಟು ಹತ್ತಿರದಲ್ಲಿ ತಯಾರಾಗುತ್ತಿದ್ದರೂ ಅರವತ್ತು ದಾಟಿದವರಿಗೆ ಅದು ಸಿಗತೊಡಗಿದ್ದು ಮಾರ್ಚ್ 1ರಿಂದ. ನನ್ನ ವಯಸ್ಸಿನವರ ಸರದಿ ಇನ್ನೂ ದೂರವಿತ್ತು.

ನಗರ ರಸ್ತೆಯಿಂದ ಒಳಗೆ, ಮಧ್ಯಮ ದರ್ಜೆಯ ಹೋಟೆಲು. ಬಾಗಿಲಲ್ಲಿ ಜ್ವರ ನೋಡುವ ಗನ್ ಮುಂಗೈಗೆ ಹಿಡಿದರು. ಬ್ಯಾಗಿಗೆ ಏನೋ ಸಿಂಪಡಿಸಿದರು. ರೂಮಿನಲ್ಲಿ ಫಿನಾಯಿಲ್ ವಾಸನೆ ಗಮ್ಮೆನ್ನುತ್ತಿತ್ತು, ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಚೀಲ, ಕಮೋಡಿನ ಮೇಲೆ ‘ಸ್ಯಾನಿಟೈಸ್ಡ್’ ಎಂದು ಅಚ್ಚು ಹಾಕಿದ ಕಾಗದದ ಪಟ್ಟಿ. ದಿಂಬಿನ ಮೇಲೆ ಒಂದು ಉದ್ದ ಕೂದಲು.

ವಿಡಿಯೋ ಕಾಲಿನಲ್ಲಿ ಹೆಂಡತಿಗೆ ಕೂದಲು ಕಂಡೇಬಿಟ್ಟಿತು. “ಮೊದಲ ಆ ರೂಮ್ ಬಿಡ್ರಿ” ಅಂದಳು. ನನಗೆ ಆ ಕೂದಲಿನ ಹೆದರಿಕೆ ಇರಲಿಲ್ಲ. ದಿಂಬಿನ ಚೀಲ ಬದಲಿಸಿಲ್ಲ, ಕೆಲಸದವರು ಕಡಿಮೆ ಇದ್ದಾರೆ ಎನ್ನುವುದನ್ನು ಅದು ಹೇಳುತ್ತಿತ್ತು, ಅಷ್ಟೆ. ಬೇರೆ ಚೀಲ ಕೇಳಿದರೆ ಮುಗಿಯಿತು.

ಆ ವರ್ಷ ನಾವೆಲ್ಲ ಮುಟ್ಟುವುದಕ್ಕೇ ಹೆಚ್ಚು ಹೆದರಿದೆವು. 2020ರ ಮಾರ್ಚಿನಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ನೋಡಿ, ಈ ವೈರಾಣು ಪ್ಲಾಸ್ಟಿಕ್ ಮೇಲೆ 72 ಗಂಟೆವರೆಗೂ ರಟ್ಟಿನ ಮೇಲೆ 24 ಗಂಟೆವರೆಗೂ ಉಳಿಯಬಲ್ಲದು ಎಂದರು. ನಮ್ಮನೆಯಲ್ಲಿ ಹಾಲಿನ ಪಾಕೀಟಿಗೂ ಸೋಪಿನ ಸ್ನಾನ ಶುರುವಾಯಿತು. ಪ್ರಯೋಗಾಲಯದಲ್ಲಿ ಉಳಿಯುವುದು ಬೇರೆ, ಅದರಿಂದ ಮನುಷ್ಯನಿಗೆ ರೋಗ ಬರುವುದು ಬೇರೆ. ಸೋಂಕಿರುವ ವಸ್ತುವನ್ನು ಒಮ್ಮೆ ಮುಟ್ಟಿದರೆ ರೋಗ ಹತ್ತುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳಿದ್ದು 2021ರ ಏಪ್ರಿಲಿನಲ್ಲಿ. ಅಷ್ಟರಲ್ಲಿ ಜಗತ್ತಿನ ಹೋಟೆಲುಗಳೆಲ್ಲ ಫಿನಾಯಿಲಿಗೂ ಪ್ಲಾಸ್ಟಿಕ್ ಚೀಲಕ್ಕೂ ದುಡ್ಡು ಸುರಿದಾಗಿತ್ತು. ಕಣ್ಣಿಗೆ ಕಾಣುವ ಶುಚಿಯನ್ನು ಬಿಲ್ಲಿಗೆ ಸೇರಿಸಬಹುದು, ಒಳ್ಳೆಯ ಗಾಳಿಯನ್ನು ಗಿರಾಕಿಗೆ ತೋರಿಸುವುದು ಹೇಗೆ?

ಹಾಗಂತ ಸರ್ಕಾರದ ನಿಯಮದಲ್ಲಿ ಗಾಳಿಯ ಮಾತು ಇರಲಿಲ್ಲ ಎಂದಲ್ಲ. 2020ರ ಜೂನ್ 4ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೋಟೆಲುಗಳಿಗೆ ಕೊಟ್ಟ ಸೂಚನೆಯಲ್ಲಿ ಏಸಿ 24ರಿಂದ 30 ಡಿಗ್ರಿ ನಡುವೆ ಇರಲಿ, ತೇವಾಂಶ ಶೇ 40ರಿಂದ 70 ಇರಲಿ, ಹೊರಗಿನ ಗಾಳಿ ಆದಷ್ಟು ಒಳಗೆ ಬರಲಿ ಎಂದಿತ್ತು. ಬಾಗಿಲ ಹಿಡಿಗಳನ್ನು ಶೇ 1ರ ಸೋಡಿಯಂ ಹೈಪೊಕ್ಲೋರೈಟಿನಿಂದ ಒರೆಸಬೇಕು ಎಂದೂ ಇತ್ತು. ಒರೆಸುವುದನ್ನು ಎಲ್ಲರೂ ಮಾಡಿದರು. ಗಾಳಿಯ ಸಾಲನ್ನು ಓದಿದವರನ್ನು ನಾನಂತೂ ಕಾಣಲಿಲ್ಲ.

ರೂಮಿನ ಕಿಟಕಿಗೆ ಸ್ಕ್ರೂ ಜಡಿದಿದ್ದರು. ಗೋಡೆಗೆ ಸ್ಪ್ಲಿಟ್ ಏಸಿ. ತುಂಬ ಜನ ಏಸಿ ಹೊರಗಿನಿಂದ ತಂಪು ಗಾಳಿ ತರುತ್ತದೆ ಎಂದುಕೊಂಡಿದ್ದಾರೆ. ಸ್ಪ್ಲಿಟ್ ಏಸಿ ತರುವುದಿಲ್ಲ, ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಕೋಣೆಗೇ ಬಿಡುತ್ತದೆ. ಹಾಗಾದರೆ ಹೊಸ ಗಾಳಿ ಬರುವುದು ಎಲ್ಲಿಂದ? ಬಾತ್‌ರೂಮಿಗೆ ಹೋಗಿ ಎಕ್ಸಾಸ್ಟ್ ಫ್ಯಾನ್ ಆರಿಸಿ, ಅದರ ಜಾಲರಿಯ ಮುಂದೆ ಟಿಶ್ಯೂ ಪೇಪರಿನ ಒಂದು ಎಳೆ ಹಿಡಿದೆ. ಕಾಗದ ಜಾಲರಿಗೆ ಅಂಟಿಕೊಳ್ಳಬೇಕಿತ್ತು, ಇಲ್ಲವೇ ಸುಮ್ಮನೆ ಜೋತಾಡಬೇಕಿತ್ತು. ಅದು ನನ್ನ ಮುಖದ ಕಡೆ ಹಾರಿತು. ಜೊತೆಗೆ ಸಿಗರೇಟಿನ ವಾಸನೆ. ಬೇರೆ ಯಾವುದೋ ರೂಮಿನಲ್ಲಿ ಯಾರೋ ಸೇದುತ್ತಿದ್ದರು. ಎಲ್ಲ ಬಾತ್‌ರೂಮುಗಳ ಗಾಳಿ ಒಂದೇ ಶಾಫ್ಟಿಗೆ ಹೋಗುತ್ತದೆ, ಫ್ಯಾನಿನ ಹಿಂದೆ ವಾಪಸು ಬರದಂತೆ ತಡೆಯುವ ಫ್ಲ್ಯಾಪ್ ಇಲ್ಲ ಅಥವಾ ಮುರಿದಿದೆ. ಆ ಮನುಷ್ಯನ ಸಿಗರೇಟಿನ ಹೊಗೆ ನನ್ನವರೆಗೆ ಬರುತ್ತದೆ ಎಂದರೆ ಅವನ ಉಸಿರೂ ಬರುತ್ತದೆ.

ಇದು ಅತಿಯಾಯಿತು ಅನ್ನಿಸಿದರೆ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಕತೆ ಕೇಳಿ. 2003ರ ಮಾರ್ಚಿನಲ್ಲಿ ಸಾರ್ಸ್ ಬಂದಾಗ ಆ ಒಂದು ವಸತಿ ಸಮುಚ್ಚಯದಲ್ಲೇ ಮುನ್ನೂರಕ್ಕೂ ಹೆಚ್ಚು ಜನರಿಗೆ ಸೋಂಕಾಯಿತು, 42 ಮಂದಿ ಸತ್ತರು. ತನಿಖೆ ಮಾಡಿದವರು ಕೊನೆಗೆ ಬಾತ್‌ರೂಮಿನ ನೆಲಕ್ಕೆ ಬಂದು ನಿಂತರು. ನೀರು ಹೋಗುವ ನಹಾನಿ ಟ್ರ್ಯಾಪಿನಲ್ಲಿ ಸದಾ ಸ್ವಲ್ಪ ನೀರು ನಿಂತಿರಬೇಕು, ಚರಂಡಿ ಪೈಪಿನ ಗಾಳಿಯನ್ನು ತಡೆಯುವುದು ಆ ನೀರೇ. ಬಹಳ ಮನೆಗಳಲ್ಲಿ ಅದು ಒಣಗಿಹೋಗಿತ್ತು. ಮೇಲೆ ಎಕ್ಸಾಸ್ಟ್ ಫ್ಯಾನ್ ತಿರುಗಿದಾಗ ಕೆಳಗಿನ ಪೈಪಿನಿಂದ ಸೋಂಕಿನ ತುಂತುರು ಮನೆಯೊಳಗೆ ಎಳೆದುಕೊಂಡು ಬಂದಿತ್ತು. ಮಹಾರಾಷ್ಟ್ರದ ಹೋಟೆಲುಗಳು ತಿಂಗಳುಗಟ್ಟಲೆ ಮುಚ್ಚಿದ್ದು, ಶೇ 33ರಷ್ಟು ರೂಮು ತೆರೆಯಲು ಅನುಮತಿ ಪಡೆದದ್ದು 2020ರ ಜುಲೈ 8ರಿಂದ. ಆಮೇಲೂ ಎಷ್ಟೋ ರೂಮುಗಳು ಖಾಲಿ ಬಿದ್ದಿದ್ದವು. ಖಾಲಿ ರೂಮಿನ ಟ್ರ್ಯಾಪ್ ಒಣಗುತ್ತದೆ. ನಾನು ಯಾವ ಲಾಡ್ಜಿಗೆ ಹೋದರೂ ಮೊದಲು ನಹಾನಿಗೆ ಎರಡು ಮಗ್ ನೀರು ಸುರಿಯುತ್ತೇನೆ. ಬಿಸಿನೀರಿನ ನಲ್ಲಿಯನ್ನು ಕೆಲವು ನಿಮಿಷ ಬಿಟ್ಟು, ಆ ಹೊತ್ತು ಹೊರಗೆ ನಿಲ್ಲುತ್ತೇನೆ. ನಿಂತ ನೀರಿನಲ್ಲಿ ಬೆಳೆಯುವ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾದದ್ದೇ ಒಂದು ಹೋಟೆಲಿನ ಸಾವುಗಳಿಂದ: 1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಬೆಲ್‌ವ್ಯೂ-ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಸಮಾವೇಶಕ್ಕೆ ಸೇರಿದ್ದ ಮಾಜಿ ಸೈನಿಕರು ಊರಿಗೆ ಮರಳಿ ಒಬ್ಬೊಬ್ಬರಾಗಿ ನ್ಯುಮೋನಿಯಾ ಹಿಡಿದು ಮಲಗಿದರು. ಆ ವರ್ಷವೇ ಹೋಟೆಲು ಬಾಗಿಲು ಹಾಕಿತು.

ನೀರಿಗೆ ಉಪಾಯ ಇತ್ತು. ಶಾಫ್ಟಿಗೆ ನನ್ನ ಹತ್ತಿರ ಉಪಾಯ ಇರಲಿಲ್ಲ. ಕೆಳಗಿಳಿದು ರೂಮು ಬದಲಿಸಿ ಎಂದೆ. ಹೋಟೆಲು ಬಿಡುವ ವಿಚಾರ ಆ ಹೊತ್ತಿಗೆ ಮಾಡಲಿಲ್ಲ. ಗಂಟೆ ಒಂಬತ್ತೂವರೆ. ಹನ್ನೊಂದರೊಳಗೆ ಇನ್ನೊಂದು ಹೋಟೆಲು ಹುಡುಕಬೇಕು, ಇನ್ನೊಂದು ರಿಸೆಪ್ಶನ್ನಿನಲ್ಲಿ ನಿಲ್ಲಬೇಕು, ಅಲ್ಲಿನ ಶಾಫ್ಟ್ ಹೇಗಿದೆಯೋ ಯಾರಿಗೆ ಗೊತ್ತು. ಗೊತ್ತಿರುವ ತೊಂದರೆ ಬಿಟ್ಟು ಗೊತ್ತಿಲ್ಲದ್ದಕ್ಕೆ ಓಡುವ ಮುನ್ನ ಇದ್ದಲ್ಲೇ ಸರಿಮಾಡಿಕೊಳ್ಳಬಹುದೇ ಎಂದು ನೋಡುವುದು ವಾಸಿ. ರಸ್ತೆಯ ಕಡೆಯ ರೂಮು ಕೊಟ್ಟರು. ಕಿಟಕಿ ನಾಲ್ಕು ಬೆರಳು ತೆರೆಯುತ್ತಿತ್ತು. ನಗರ ರಸ್ತೆಯ ಲಾರಿಗಳು, ಸೊಳ್ಳೆ ಎಲ್ಲ ಒಳಗೆ ಬಂದವು. ಬಾತ್‌ರೂಮಿನ ಬಾಗಿಲು ಹಾಕಿ, ಸಂದಿಗೆ ಟವೆಲ್ ತುರುಕಿ ಮಲಗಿದೆ.

ನಮ್ಮ ಅಜ್ಜಿ ಪ್ಲೇಗಿನ ಮಾತು ಹೇಳುತ್ತಿದ್ದಳು. ಮನೆಯಲ್ಲಿ ಇಲಿ ಬಿತ್ತು ಅಂದರೆ ಊರಿಗೆ ಊರೇ ಎದ್ದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದೂ 1898ರ ಪ್ಲೇಗಿನ ನಂತರವೇ. ಪುಣೆಯಲ್ಲಿ 1897ರಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಸೈನಿಕರು ಮನೆ ನುಗ್ಗಿ ಜನರನ್ನು ಹೊರಗೆಳೆದರು, ಆ ಸಿಟ್ಟಿಗೆ ಚಾಪೇಕರ್ ಸಹೋದರರು ಅವನ ಮೇಲೆ ಗುಂಡು ಹಾರಿಸಿದರು. ಅದೇ ವರ್ಷ ಅದೇ ರೋಗದವರ ಸೇವೆ ಮಾಡುತ್ತ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಪ್ಲೇಗಿನಲ್ಲಿ ಜಾಗ ಬಿಡುವುದಕ್ಕೆ ಅರ್ಥವಿತ್ತು, ಇಲಿಯೂ ಚಿಗಟವೂ ಮನೆಯಲ್ಲಿದ್ದವು. ಕೊರೊನಾ ಮನೆಯಲ್ಲಿರುವುದಿಲ್ಲ, ಮನುಷ್ಯರಲ್ಲಿರುತ್ತದೆ. ಹೊರಟವನ ಜೊತೆಯೇ ಅದೂ ಹೊರಡುತ್ತದೆ.

ಹಾಂಗ್‌ಕಾಂಗಿನ ಮೆಟ್ರೊಪೋಲ್ ಹೋಟೆಲಿನಲ್ಲಿ ಆದದ್ದು ಅದೇ. 2003ರ ಫೆಬ್ರುವರಿ 21ರಂದು ಗ್ವಾಂಗ್‌ಡಾಂಗ್ ಪ್ರಾಂತದ ವಯಸ್ಸಾದ ವೈದ್ಯರೊಬ್ಬರು ಒಂಬತ್ತನೇ ಮಹಡಿಯ 911ನೇ ರೂಮಿನಲ್ಲಿ ಒಂದೇ ರಾತ್ರಿ ಇದ್ದರು. ಅವರಿಂದ ಹತ್ತಾರು ಜನರಿಗೆ ಸಾರ್ಸ್ ಹತ್ತಿತು, ಹೆಚ್ಚಿನವರು ಅದೇ ಮಹಡಿಯಲ್ಲಿ ಇಳಿದಿದ್ದವರು. ಆಮೇಲೆ ಪರೀಕ್ಷಿಸಿದಾಗ ವೈರಾಣುವಿನ ಕುರುಹು ಸಿಕ್ಕಿದ್ದು ರೂಮಿನ ಹೊರಗಿನ ಕಾರ್ಪೆಟ್ಟಿನಲ್ಲಿ, ಲಿಫ್ಟಿನ ಬಳಿ. ಆ ಅತಿಥಿಗಳೆಲ್ಲ ಹೋಟೆಲು ಬಿಟ್ಟು ತಂತಮ್ಮ ದಾರಿ ಹಿಡಿದರು. ಟೊರಾಂಟೊ, ಸಿಂಗಪುರ, ಹನೋಯ್‌ಗಳಿಗೆ ಸಾರ್ಸ್ ಹೋದದ್ದು ಹಾಗೆ.

ಬೆಳಿಗ್ಗೆ ತಿಂಡಿ ನೆಲಮಾಳಿಗೆಯ ಹಾಲಿನಲ್ಲಿ. ಕಿಟಕಿ ಇಲ್ಲ. ಮದುವೆಗೆಂದು ಬಂದಿದ್ದ ದೊಡ್ಡ ಗುಂಪೊಂದು ಪೋಹೆ, ಚಹಾ ಹಿಡಿದು ಜೋರಾಗಿ ಹರಟುತ್ತಿತ್ತು. ಸೈಟಿಗೆಂದು ತಂದಿದ್ದ ಕಾರ್ಬನ್ ಡೈಆಕ್ಸೈಡ್ ಮೀಟರ್ ಬ್ಯಾಗಿನಲ್ಲೇ ಇತ್ತು, ತೆಗೆದು ಹಿಡಿದೆ. ಬಯಲಿನಲ್ಲಿ ಅದು 400ರ ಆಸುಪಾಸು ತೋರಿಸುತ್ತದೆ. ಸಾವಿರ ದಾಟಿತೆಂದರೆ ಇದ್ದ ಗಾಳಿಯನ್ನೇ ಎಲ್ಲರೂ ಹಂಚಿಕೊಂಡು ಉಸಿರಾಡುತ್ತಿದ್ದಾರೆ ಎಂದರ್ಥ. ಅಲ್ಲಿ ಎರಡು ಸಾವಿರ ದಾಟಿತ್ತು. 2020ರ ಜನವರಿಯಲ್ಲಿ ಗ್ವಾಂಗ್‌ಝೌ ನಗರದ ಕಿಟಕಿಯಿಲ್ಲದ ರೆಸ್ಟೊರೆಂಟಿನಲ್ಲಿ ಏಸಿಯ ಗಾಳಿ ಸುತ್ತುತ್ತಿದ್ದ ದಾರಿಯಲ್ಲೇ ಕುಳಿತಿದ್ದ ಮೂರು ಕುಟುಂಬಗಳ ಹತ್ತು ಮಂದಿಗೆ ಸೋಂಕಾಗಿತ್ತು. ಎರಡು ಬಾಳೆಹಣ್ಣು ತೆಗೆದುಕೊಂಡು ಮೇಲೆ ಬಂದೆ. ತಿಂಡಿಯನ್ನು ರೂಮಿಗೇ ತರಿಸಿಕೊಳ್ಳಬಹುದು, ಅದೂ ಹೋಟೆಲು ಬಿಡುವಂಥ ಕಾರಣವಲ್ಲ.

ಕಾರಿಡಾರಿನಲ್ಲಿ ನಾನು ಫೋನಿನಲ್ಲಿ ಮಾತಾಡುವುದನ್ನು ಕೇಳಿ ಹೌಸ್‌ಕೀಪಿಂಗ್ ಹುಡುಗ ನಿಂತ. “ಸಾಹೇಬ್ರ, ಕನ್ನಡದಾವ್ರೇನ್ರಿ? ನಾ ಜತ್ತ ಕಡೀಂವ್ರಿ.” ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ.

“ಹೌದೋ ತಮ್ಮಾ, ಹುಬ್ಬಳ್ಳಿ. ನಿನ್ನಿ ದಿಂಬಿನ ಚೀಲ ಬದಲಿ ಮಾಡಿರಲಿಲ್ಲಲ್ಲ?”

“ಮೊದಲ ಒಂದ ಫ್ಲೋರಿಗೆ ಇಬ್ರು ಇದ್ವಿರಿ. ಲಾಕ್‌ಡೌನಿನಾಗ ಹ್ವಾದವ್ರು ತಿರಗಿ ಬರಲಿಲ್ಲ. ಈಗ ಎರಡ ಫ್ಲೋರಿಗೆ ನಾ ಒಬ್ಬಾಂವನ.” ಆ ಕಡೆ ಈ ಕಡೆ ನೋಡಿ ದನಿ ಇಳಿಸಿದ. “ನಮ್ಮ ಖೋಲ್ಯಾಗ ಆರ ಮಂದಿ ಮಲಗ್ತೇವ್ರಿ. ಒಬ್ಬಾಂವಗ ಜ್ವರ ಬಂದಿತ್ತು, ಊರಿಗೆ ಕಳಸ್ಯಾರ. ಟೆಸ್ಟ್ ಮಾಡಿಸಿಲ್ಲ. ನಾ ಹೇಳೇನಂತ ಅನ್ನಬ್ಯಾಡ್ರಿ ಮತ್ತ.”

ಕೆಳಗೆ ಹೋಗಿ ಮ್ಯಾನೇಜರನ್ನು ಸುಮ್ಮನೆ ಕೇಳಿದಂತೆ ಕೇಳಿದೆ, ಸಿಬ್ಬಂದಿಯೆಲ್ಲ ಆರಾಮಾಗಿದ್ದಾರಾ ಎಂದು. “ಎಲ್ಲರೂ ಫಿಟ್ ಸರ್, ಒಬ್ಬರಿಗೂ ನೆಗಡಿ ಕೂಡ ಇಲ್ಲ” ಎಂದು ಹಿಂದಿಯಲ್ಲಿ ನಗುತ್ತ ಹೇಳಿದರು.

ಬಿಡಲು ತೀರ್ಮಾನಿಸಿದ್ದು ಆಗ. ಒಬ್ಬನಿಗೆ ಜ್ವರ ಬಂದಿತ್ತು, ಜೊತೆಗಿದ್ದವರನ್ನು ಬೇರೆ ಇಟ್ಟಿದ್ದೇವೆ, ಟೆಸ್ಟಿಗೆ ಕಳಿಸಿದ್ದೇವೆ ಎಂದಿದ್ದರೆ ಬಹುಶಃ ಆ ನಾಲ್ಕು ಬೆರಳಿನ ಕಿಟಕಿಯ ಧೈರ್ಯದ ಮೇಲೆ ಉಳಿದೇಬಿಡುತ್ತಿದ್ದೆ. ಗಾಳಿ ಕೆಟ್ಟಿದ್ದರೆ ಅಳೆಯಲು ನನ್ನ ಹತ್ತಿರ ಮೀಟರ್ ಇದೆ. ಹೋಟೆಲಿನವರು ಇನ್ನೂ ಏನೇನು ಮುಚ್ಚಿಡುತ್ತಿದ್ದಾರೆ ಎಂದು ಅಳೆಯಲು ಏನಿದೆ? ಅವರ ಕಷ್ಟ ನನಗೆ ತಿಳಿಯುವುದಿಲ್ಲ ಎಂದಲ್ಲ. ಪಾಸಿಟಿವ್ ಬಂದರೆ ಬೀಗ, ವರ್ಷವಿಡೀ ಇಲ್ಲದ ಗಿರಾಕಿ ಮತ್ತೆ ಇಲ್ಲ. ಆದರೆ ನಾನು ಟ್ಯಾಕ್ಸಿ ಹತ್ತಬಲ್ಲೆ, ಆ ಖೋಲಿಯಲ್ಲಿ ಉಳಿದ ಐವರು ಎಲ್ಲಿಗೆ ಹೋಗಬೇಕು? ನಿಜವಾದ ಕಾರಣ ಹೇಳಿದರೆ ಹುಡುಗನ ಕೆಲಸ ಹೋಗುತ್ತದೆ. ಹಾಗಾಗಿ ಹುಡುಗನ ಮಾತು ಎತ್ತದೆ ಶಾಫ್ಟಿನ ಕತೆಯನ್ನಷ್ಟೇ ಹೇಳಿದೆ, ಅದೂ ಸುಳ್ಳಲ್ಲವಲ್ಲ. ಅವನಿಗೆ ನನ್ನ ಬಳಿಯಿದ್ದ ಎನ್-95 ಮಾಸ್ಕುಗಳ ಪಾಕೀಟು ಕೊಟ್ಟು, ಖೋಲಿಯ ಕಿಟಕಿ ರಾತ್ರಿ ತೆಗೆದೇ ಇಡಿ ಎಂದೆ. ಕಿಟಕಿ ಇಲ್ಲ ಎಂದ. ಬಾಗಿಲು ತೆಗೆದಿಡಿ, ಹೊರಗೆ ಮುಖ ಮಾಡಿ ಟೇಬಲ್ ಫ್ಯಾನ್ ಇಡಿ ಎಂದೆ.

ಕಂಪನಿಯ ಸೈಟ್ ಇಂಜಿನಿಯರ್ ಚಂದನ ನಗರದಲ್ಲಿ ಬಾಲ್ಕನಿಯಿರುವ ಖಾಲಿ ಫ್ಲ್ಯಾಟೊಂದನ್ನು ಕೊಡಿಸಿದರು. ಸೋಂಕನ್ನು ನಾನೇ ಹೊತ್ತು ತಂದಿರಬಹುದಾದ್ದರಿಂದ ಅವರನ್ನು ಒಳಗೆ ಕರೆಯಲಿಲ್ಲ, ಕೀಲಿಯನ್ನು ಮೆಟ್ಟಿಲ ಮೇಲೆ ಇಡಲು ಹೇಳಿದೆ. ಉಳಿದ ಕೆಲಸವನ್ನು ಖಾಲಿ ಮಹಡಿಯಲ್ಲಿ ಒಬ್ಬನೇ ಮುಗಿಸಿದೆ, ಊಟ ಪಾರ್ಸೆಲ್. ಹೊರಡುವ ಮುಂಚೆ ಮಾಡಿಸಿದ ಟೆಸ್ಟ್ ನೆಗೆಟಿವ್ ಬಂತು, ಕೊಗನೊಳ್ಳಿಯಲ್ಲಿ ತೋರಿಸಿ ದಾಟಿದೆ. ಅದರಿಂದ ಆ ಹೋಟೆಲಿನ ಬಗ್ಗೆ ಏನೂ ಸಾಬೀತಾಗುವುದಿಲ್ಲ ಬಿಡಿ.

ಹೋಟೆಲು ಬಿಟ್ಟ ದಿನ ಬಿಲ್ಲು ಮಾಡುವಾಗ ಮ್ಯಾನೇಜರ್ ಒಂದು ರಾತ್ರಿಯ ಬಾಡಿಗೆ ಹೆಚ್ಚಿಗೆ ಹಿಡಿದುಕೊಂಡಿದ್ದರು. ನಾನು ಜಗಳಕ್ಕೆ ನಿಲ್ಲದೆ ನನ್ನ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಟ್ಟೆ: ಎಲ್ಲ ಎಕ್ಸಾಸ್ಟ್ ಫ್ಯಾನುಗಳಿಗೂ ಬ್ಯಾಕ್‌ಡ್ರಾಫ್ಟ್ ಫ್ಲ್ಯಾಪ್ ಹಾಕಿಸಿ, ಟೆರೇಸಿನಲ್ಲಿ ಶಾಫ್ಟಿನ ತುದಿಗೊಂದು ಫ್ಯಾನ್ ಕೂರಿಸಿ ದಿನವಿಡೀ ಓಡಿಸಿ. ಅವರು ಓದಿ, ಕಾರ್ಡು ತಿರುಗಿಸಿ ನನ್ನ ವರ್ಕ್‌ಶಾಪಿನ ಹೆಸರು ನೋಡಿ, “ಅಚ್ಛಾ, ಕೊಟೇಶನ್ ಕಳಿಸಿ ಸರ್” ಎಂದರು. ಕಳಿಸಿದೆ. ಒಂದು ರಾತ್ರಿಯ ಬಾಡಿಗೆಯನ್ನೂ ಅದರಲ್ಲಿ ಸೇರಿಸಿದ್ದೆ.